ಸಹಾಯ ಬೇಕು: ದೆಹಲಿಯ ಡೀಸೆಲ್ ಕಾರನ್ನು ಕಾಸರಗೋಡಿನ ಬದಿಯಡ್ಕಕ್ಕೆ ತರಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ದೆಹಲಿಯಲ್ಲಿದ್ದಾರೆ. 2014ರಲ್ಲಿ ತಗೊಂಡ ಡೀಸೆಲ್ ಕಾರು, ಓಡಿದ್ದು ಬರೀ 60 ಸಾವಿರ ಕಿಲೋಮೀಟರ್, ಹಿಂದಿನ ಸೀಟಿನ ಪ್ಲಾಸ್ಟಿಕ್ ಕೂಡ ಇನ್ನೂ ತೆಗೆದಿಲ್ಲ! ಆದರೆ ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲೇ ಹಸಿರು ನ್ಯಾಯಮಂಡಳಿ ಹೇಳಿತ್ತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. 2025ರ ಜುಲೈ 1ರಿಂದ ಬಂಕ್‌ನಲ್ಲಿ ಎಣ್ಣೆಯೇ ಹಾಕಲ್ಲ ಅಂದರು, ಜನ ಗಲಾಟೆ ಮಾಡಿದ ಮೇಲೆ ಎರಡು ಮೂರು ದಿನಕ್ಕೇ ನಿಲ್ಲಿಸಿದರು. ಭಾವನಿಗೆ ಸಾಕಾಗಿ ಹೋಗಿದೆ. "ನೀನೇ ಇಟ್ಕೋ ಮಾರಾಯ" ಅಂತಿದ್ದಾರೆ.

ಇಲ್ಲಿ ಚಹಾದಂಗಡಿಯಲ್ಲಿ ಈ ವಿಷಯ ತೆಗೆದದ್ದೇ ತಪ್ಪಾಯಿತು. ಅಡಿಕೆ ವ್ಯಾಪಾರಿ ಒಬ್ಬರು "ಹೊಗೆ ಉಗುಳುವುದು ಲಾರಿ, ಕಾರಿನವರಿಗೆ ಯಾಕೆ ಶಿಕ್ಷೆ" ಅಂದರು. ದೆಹಲಿಯಲ್ಲಿ ಓದಿ ಬಂದ ಹುಡುಗಿಯೊಬ್ಬಳು "ನವೆಂಬರಿನಲ್ಲಿ ಒಂದು ವಾರ ಅಲ್ಲಿದ್ದು ನೋಡಿ, ಬೆಳಿಗ್ಗೆ ಎದ್ದರೆ ಗಂಟಲು ಉರಿಯುತ್ತದೆ" ಅಂದಳು. ನನಗೆ ಅವಳ ಮಾತೇ ಸರಿ ಅನ್ನಿಸಿತು, ಆದರೂ ಕಾರು ಬೇಕು ಅಲ್ವಾ!

ದೆಹಲಿಯಿಂದ ಎನ್‌ಒಸಿ (ಗಾಡಿಯನ್ನು ಬೇರೆ ಕಡೆ ನೋಂದಾಯಿಸಲು ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ತೆಗೆದು ನಮ್ಮ ಕೇರಳದ ಕಾಸರಗೋಡಿನ ಕೆಎಲ್-14 ನಂಬರ್ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಇಲ್ಲಿ ಟ್ಯಾಕ್ಸ್ ಎಷ್ಟು ಬಿತ್ತು, ಅಲ್ಲಿ ಕಟ್ಟಿದ್ದು ವಾಪಸ್ ಸಿಕ್ಕಿತಾ? ನೋಂದಣಿಯ 15 ವರ್ಷ ಮುಗಿಯಲು ಇನ್ನು ಜಾಸ್ತಿ ಸಮಯ ಇಲ್ಲ, ಸುಮ್ನೆ ದುಡ್ಡು ದಂಡವಾ? ಓಡಿಸಿಕೊಂಡೇ ಬಂದಿರಾ, ಲಾರಿಯಲ್ಲಿ ಹಾಕಿಸಿದಿರಾ? ವಾರಕ್ಕೆ ಎರಡು ಸಲ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವವನು ನಾನು, ದೆಹಲಿಯ ಡಿಎಲ್ ನಂಬರಿನಲ್ಲೇ ಓಡಿಸುವ ಧೈರ್ಯ ಇಲ್ಲ.