ಮಧುಮೇಹಿಯ ಕಾಲಿನ ಹುಣ್ಣು: ಕಲ್ಚರ್ ವರದಿಯಲ್ಲಿ ‘ಸ್ಯೂಡೋಮೊನಾಸ್’ ಎಂದಷ್ಟೇ ಇದ್ದರೆ ಸಾಕೇ?

ಪ್ರಶ್ನೆ (ಶ್ರೀನಿವಾಸಪುರ, ಕೋಲಾರ ಜಿಲ್ಲೆ):
ಡಾಕ್ಟರ್ ಮೇಡಂ, ನಮಸ್ಕಾರ. ನಮ್ಮ ತಂದೆಯವರಿಗೆ ಬಹಳ ವರ್ಷಗಳಿಂದ ಮಧುಮೇಹವಿದೆ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಆದ ಹುಣ್ಣು, ಔಷಧಿ ಬದಲಿಸಿದರೂ ಮಾಯುತ್ತಿಲ್ಲ. ಕೀವಿನ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆ) ವರದಿಯಲ್ಲಿ ಬ್ಯಾಕ್ಟೀರಿಯಾದ ಹೆಸರು ‘ಸ್ಯೂಡೋಮೊನಾಸ್’ ಎಂದಷ್ಟೇ ಬರೆದು, ಆ್ಯಂಟಿಬಯಾಟಿಕ್‌ಗಳಲ್ಲಿ ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್ ನಾಟುವುದಿಲ್ಲ, ಅಮಾಕ್ಸಿಸಿಲಿನ್-ಕ್ಲಾವುಲನೇಟ್ ನಾಟುತ್ತದೆ ಎಂದು ತೋರಿಸಿದ್ದಾರೆ. ಮತ್ತೆ ಪರೀಕ್ಷೆ ಮಾಡಿಸಬೇಕೇ?

ಉತ್ತರ (ಸೂಕ್ಷ್ಮಜೀವಿ ತಜ್ಞೆ):
ಖಂಡಿತ ಮಾಡಿಸಿ. ಇಂಥ ಹುಣ್ಣುಗಳಲ್ಲಿ ನಮಗೆ ಆಗಾಗ ಸಿಗುವ ಸ್ಯೂಡೋಮೊನಾಸ್ ಏರುಜಿನೋಸಾಕ್ಕೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸ್ವಭಾವತಃ ನಾಟುವುದಿಲ್ಲ, ಕೊಲಿಸ್ಟಿನ್ ಸಾಮಾನ್ಯವಾಗಿ ನಾಟುತ್ತದೆ. ನಿಮ್ಮ ವರದಿಯಲ್ಲಿ ಇದು ತಿರುವುಮುರುವಾಗಿದೆ. ಹೀಗೆ ಕಂಡಾಗ ಮೆಲಿಯಾಯ್ಡೋಸಿಸ್ ಕಾಯಿಲೆ ತರುವ ಬರ್ಖೋಲ್ಡೇರಿಯಾ ಸ್ಯೂಡೋಮ್ಯಾಲಿಯೈ ಇರಬಹುದೇ ಎಂದು ನೋಡಲೇಬೇಕು. ಒದ್ದೆ ಮಣ್ಣು, ಕೆಸರುಗಳಲ್ಲಿ ಬದುಕುವ ಈ ಬ್ಯಾಕ್ಟೀರಿಯಾ ಮಧುಮೇಹಿಗಳನ್ನೇ ಹೆಚ್ಚಾಗಿ ಹಿಡಿಯುತ್ತದೆ. ಕರಾವಳಿಯ ಲ್ಯಾಬುಗಳಿಗೆ ಇದು ಪರಿಚಿತ. ನಮ್ಮ ಒಣ ಸೀಮೆಯಲ್ಲಿ ಅದರ ನೆನಪೇ ಬಾರದೆ, ಸ್ಯೂಡೋಮೊನಾಸ್ ಎಂದು ಬರೆದು ಮುಗಿಸುವುದುಂಟು. ತಂದೆಯವರು ಮಳೆಗಾಲದಲ್ಲಿ ಗದ್ದೆಗೆ ಇಳಿದಿದ್ದರೇ? ಜ್ವರವಿದೆಯೇ?

ಪ್ರಶ್ನೆ:
ಕುಂದಾಪುರದ ಅಕ್ಕನ ಮನೆಯಲ್ಲಿದ್ದಾಗ ನಾಟಿ ಸಮಯದಲ್ಲಿ ಬರಿಗಾಲಲ್ಲೇ ಇಳಿದಿದ್ದರು, ಮೇಡಂ. ಸಂಜೆಯಾದರೆ ಜ್ವರ ಬರುತ್ತಿದೆ.

ಉತ್ತರ:
ಹಾಗಿದ್ದರೆ ಇಂದೇ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕರೆದೊಯ್ಯಿರಿ, ಹಳೆಯ ವರದಿಯೂ ಜೊತೆಗಿರಲಿ. ಹುಣ್ಣಿನ ಮೇಲೆ ಹತ್ತಿಕಡ್ಡಿ ಆಡಿಸಿ ತೆಗೆದ ಕೀವಿನಲ್ಲಿ ಚರ್ಮದ ಮೇಲಿನ ಜೀವಿಗಳೇ ಬೆಳೆದು ನಿಜವಾದ ರೋಗಕಾರಕ ಮರೆಯಾಗಬಹುದು. ಆದ್ದರಿಂದ ಹುಣ್ಣನ್ನು ತೊಳೆದು, ಸತ್ತ ಮಾಂಸ ತೆಗೆದ ಮೇಲೆ, ಆಳದಿಂದ ಕೆರೆದ ಅಂಗಾಂಶವನ್ನು ಕಳಿಸುವಂತೆ ಸರ್ಜನ್ ಅವರನ್ನು ಕೇಳಿ. ರಕ್ತದ ಕಲ್ಚರ್ ಕೂಡ ಬೇಕು. ಗದ್ದೆಯ ವಿಷಯವನ್ನೂ ಮೆಲಿಯಾಯ್ಡೋಸಿಸ್ ಅನುಮಾನವನ್ನೂ ಲ್ಯಾಬಿನ ಚೀಟಿಯಲ್ಲಿ ಬರೆಸಿ. ಅದನ್ನು ಓದಿದರೆ ಲ್ಯಾಬಿನವರು ತಮ್ಮ ಸುರಕ್ಷತೆಗೆ ಎಚ್ಚರ ವಹಿಸುತ್ತಾರೆ, ಈ ಬ್ಯಾಕ್ಟೀರಿಯಾ ಬೆಳೆಸಲೆಂದೇ ಇರುವ ಆಶ್‌ಡೌನ್ ಮಾಧ್ಯಮದ ತಟ್ಟೆಯಲ್ಲಿ ಬಿತ್ತುತ್ತಾರೆ, ಎರಡನೇ ದಿನಕ್ಕೇ ಅದನ್ನು ಎಸೆಯದೆ ಕಾಯುತ್ತಾರೆ. ಈ ಬ್ಯಾಕ್ಟೀರಿಯಾ ಅದರ ಮೇಲೆ ಕೆಲವು ದಿನಗಳಲ್ಲಿ ನೇರಳೆ ಬಣ್ಣದ, ಒಣಗಿ ಸುಕ್ಕುಗಟ್ಟಿದ ಗುಂಪುಗಳಾಗಿ ಕಾಣುತ್ತದೆ. ಬೆಳೆದ ಬ್ಯಾಕ್ಟೀರಿಯಾವನ್ನು ಅದರ ಪ್ರೋಟೀನುಗಳಿಂದ ಗುರುತಿಸುವ ಮಾಲ್ಡಿ-ಟಾಫ್ ಯಂತ್ರ ನಿಮಿಷಗಳಲ್ಲಿ ಹೆಸರು ಹೇಳುತ್ತದೆಯಾದರೂ, ಅದರ ದತ್ತಾಂಶದಲ್ಲಿ ಈ ಪ್ರಭೇದ ಇಲ್ಲದಿದ್ದರೆ ಹತ್ತಿರದ ಇನ್ನೊಂದರ ಹೆಸರನ್ನು ತೋರಿಸಬಹುದು. ಸಂದೇಹ ಉಳಿದರೆ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಬೇಕು.

ರೋಗ ಇದೇ ಎಂದು ಖಚಿತವಾದರೆ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಅನ್ನು ಕನಿಷ್ಠ 10ರಿಂದ 14 ದಿನ ರಕ್ತನಾಳಕ್ಕೆ ಕೊಟ್ಟು, ಬಳಿಕ ಕೋ-ಟ್ರೈಮಾಕ್ಸಜೋಲ್ ಮಾತ್ರೆಯನ್ನು ಸುಮಾರು 3 ತಿಂಗಳು ಮುಂದುವರಿಸುತ್ತಾರೆ. ಮೂಳೆಗೆ ಇಳಿದಿದ್ದರೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ವರದಿಯಲ್ಲಿ ನಾಟುತ್ತದೆ ಎಂದಿರುವ ಮಾತ್ರೆಯನ್ನಷ್ಟೇ ಕೊಟ್ಟು ಮನೆಯಲ್ಲಿ ಕಾಯಬೇಡಿ.