ಅಪ್‌ಡೇಟ್: ತಮ್ಮನ ರಿಲೇಶನ್‌ಶಿಪ್ ಸರ್ಟಿಫಿಕೇಟ್ ಸಿಕ್ತು

ಎಲ್ಲರಿಗೂ ನಮಸ್ಕಾರ, ಮಂಜೇಶ್ವರದಿಂದ. ತಮ್ಮ ಅಗ್ನಿವೀರ್‌ಗೆ ಹಾಕಿದ್ದಾನೆ, ಮಾಜಿ ಸೈನಿಕರ ಮಗ ಅಂತ ತೋರಿಸ್ಲಿಕ್ಕೆ ದಾಖಲೆ ಬೇಕು, ತೀರಿಹೋದ ಅಪ್ಪನ ಡಿಸ್ಚಾರ್ಜ್ ಬುಕ್ಕೇ (ಸೇನೆಯಿಂದ ಬಿಡುವಾಗ ಕೊಡುವ ಪುಸ್ತಕ) ಇಲ್ಲ ಅಂತ ಕೇಳಿದ್ದೆನಲ್ಲ, ಅಂತೂ ಮೊನ್ನೆ ಕೈಗೆ ಬಂತು!

ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಅಂದವರಿಗೆ ದೊಡ್ಡ ಥ್ಯಾಂಕ್ಸ್, ದಾರಿ ತೋರಿಸಿದ್ದು ಅವ್ರೇ. ವಿಲೇಜ್ ಆಫೀಸಿನ ಸರ್ಟಿಫಿಕೇಟ್ ಸಾಕು ಅಂತ ಕೆಲವರು ಹೇಳಿದ್ದು ನಡೀಲಿಲ್ಲ, ಇದನ್ನ ಕೊಡುದು ಅಪ್ಪ ಇದ್ದ ರೆಜಿಮೆಂಟಿನ ರೆಕಾರ್ಡ್ ಆಫೀಸು, ಅಪ್ಪ ಮದ್ರಾಸ್ ಸ್ಯಾಪರ್ಸ್ ಆದ ಕಾರಣ ನಮಗೆ ಬೆಂಗಳೂರು.

ಆದ್ರೆ ಅಪ್ಪನ ಸರ್ವೀಸ್ ನಂಬರ್ (ಸೇನೆ ಪ್ರತಿ ಸೈನಿಕನಿಗೂ ಕೊಡುವ ನಂಬರ್) ಇಲ್ಲದೆ ಏನೂ ಹುಡುಕ್ಲಿಕ್ಕೆ ಆಗುದಿಲ್ಲ. ಅಮ್ಮ ಟ್ರಂಕಿನ ಅಡಿಯಿಂದ ಅಪ್ಪನ ಮೆಡಲ್ ತೆಗೆದ್ರು, ಬಟ್ಟೆಯಲ್ಲಿ ಉಜ್ಜಿ ಬೆಳಕಿಗೆ ಹಿಡಿದು ನೋಡಿದ್ರೆ ಅಂಚಿನ ಸುತ್ತ ಸಣ್ಣ ಅಕ್ಷರದಲ್ಲಿ ನಂಬರ್, ಹೆಸರು ಎಲ್ಲಾ ಕೊರೆದಿದೆ! ಇಷ್ಟು ವರ್ಷ ಮನೆಯಲ್ಲೇ ಇದ್ದದ್ದು ನಮಗೆ ಗೊತ್ತೇ ಇರ್ಲಿಲ್ಲ. ಆಮೇಲೆ ನೋಡಿದ್ರೆ ಅಮ್ಮನ ಪೆನ್ಶನ್ ಪಿಪಿಓದಲ್ಲೂ (ಪೆನ್ಶನ್ ಮಂಜೂರಾದ ಆದೇಶ ಪತ್ರ) ಅದೇ ನಂಬರ್.

ಇನ್ನೊಂದು, ಮಕ್ಕಳ ಜನನ ಪಾರ್ಟ್ ಟು ಆರ್ಡರಲ್ಲಿ (ಸೈನಿಕನ ಮದುವೆ, ಮಕ್ಕಳ ವಿವರ ಎಲ್ಲಾ ಬರೆದಿಡುವ ಸೇನೆಯ ದಾಖಲೆ) ದಾಖಲಾಗಿರ್ಬೇಕು, ಅಲ್ಲಿಯ ಹೆಸರು, ಹುಟ್ಟಿದ ತಾರೀಕು ಎಸ್ಸೆಸ್ಸೆಲ್ಸಿಗೆ ತಾಳೆ ಆಗ್ತದಾ ಅಂತ ಅರ್ಜಿ ಹಾಕುವ ಮುಂಚೆಯೇ ಕೇಳಿ ನೋಡಿ. ಅಪ್ಪ ಬದುಕಿರುವವರು ಅವರ ಸರ್ವೀಸ್ ನಂಬರ್ ಇವತ್ತೇ ಕೇಳಿ ಬರೆದಿಟ್ಕೊಳ್ಳಿ ದಯವಿಟ್ಟು.