ಪದಚರ್ಚೆ: ರೋಧ, ಪ್ರತಿರೋಧ, ನಿರೋಧ, ಪವರ್‌ಗೆ ಶಕ್ತಿಯೋ ಸಾಮರ್ಥ್ಯವೋ?

ಬಳಗಕ್ಕೆ ನಮಸ್ಕಾರ.

ಎಲೆಕ್ಟ್ರಿಷಿಯನ್ ತರಬೇತಿ ಪಡೆಯುವವರಿಗೆ ಓಮ್ ನಿಯಮದ (ವೋಲ್ಟ್ = ಆಂಪಿಯರ್ × ಓಮ್) ಲೆಕ್ಕಗಳ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಎರಡು ಪದ ಇನ್ನೂ ಗಟ್ಟಿಯಾಗಿಲ್ಲ. ರೆಸಿಸ್ಟೆನ್ಸ್‌ಗೆ, ಅಂದರೆ ಕರೆಂಟು ಹರಿಯಲು ವಸ್ತು ಒಡ್ಡುವ ತಡೆಗೆ, ಶಾಲಾ ಪಠ್ಯದಲ್ಲಿ ‘ರೋಧ’ ಇದೆ. ಬೇರೆ ಬರಹಗಳಲ್ಲಿ ‘ಪ್ರತಿರೋಧ’, ಕೆಲವೊಮ್ಮೆ ‘ನಿರೋಧ’ ಕೂಡ ಕಾಣುತ್ತದೆ. ಪವರ್‌ಗೆ ಪಠ್ಯದ ಪದ ‘ಸಾಮರ್ಥ್ಯ’, ಆದರೆ ಜನ ಬರೆಯುವುದು ‘ಶಕ್ತಿ’.

ತೊಡಕು ಎದ್ದು ಕಾಣುವ ಲೆಕ್ಕ ಇದು. 230 ವೋಲ್ಟ್ ಇರುವಾಗ ನೀರು ಕಾಯಿಸುವ ಕಾಯಿಲ್ 6.5 ಆಂಪಿಯರ್ ಎಳೆಯುತ್ತದೆ. ರೋಧ 230 ÷ 6.5, ಅಂದರೆ ಸುಮಾರು 35.4 ಓಮ್. ಸಾಮರ್ಥ್ಯ 230 × 6.5, ಅಂದರೆ 1495 ವಾಟ್. ಇಲ್ಲಿಯವರೆಗೆ ಸರಿ. ಬೇಸಿಗೆಯ ಸಂಜೆ ವೋಲ್ಟೇಜ್ 190ಕ್ಕೆ ಇಳಿಯಿತು ಅನ್ನಿ. ಆಗ ‘1500 ವಾಟ್ ಸಾಮರ್ಥ್ಯದ ಕಾಯಿಲ್‌ನ ಸಾಮರ್ಥ್ಯ 1020 ವಾಟ್’ ಎಂದು ಬರೆಯಬೇಕಾಗುತ್ತದೆ. ಓದುವವರು ಕಾಯಿಲ್ ಕೆಟ್ಟಿದೆ ಅಂದುಕೊಂಡರೆ ತಪ್ಪು ಅವರದ್ದಲ್ಲ. ಸಾಮರ್ಥ್ಯ ಅಂದರೆ ಕನ್ನಡದಲ್ಲಿ ‘ಮಾಡಬಲ್ಲದ್ದು’. ಲೆಕ್ಕಕ್ಕೆ ಬೇಕಾದ್ದು ‘ಈಗ ಮಾಡುತ್ತಿರುವುದು’. ಹಾಗಾದರೆ ‘ಶಕ್ತಿ’ಯನ್ನೇ ಇಟ್ಟುಕೊಳ್ಳಬಹುದೇ? ಬಲ್ಲವರು ತಿಳಿಸಬೇಕು.

ಉತ್ತರ:

ನಮಸ್ಕಾರ. ರೆಸಿಸ್ಟೆನ್ಸ್‌ಗೆ ‘ರೋಧ’ವನ್ನೇ ಉಳಿಸಿಕೊಳ್ಳಿ, ಅನುಮಾನ ಬೇಡ. ಅದರಿಂದ ರೋಧಕ (ರೆಸಿಸ್ಟರ್), ರೋಧಶೀಲತೆ (ರೆಸಿಸ್ಟಿವಿಟಿ) ಸಲೀಸಾಗಿ ಹುಟ್ಟುತ್ತವೆ. ‘ನಿರೋಧ’ವಂತೂ ಕೂಡದು. ವೈರಿನ ಹೊದಿಕೆಗೆ ನಿರೋಧಕ ಎಂಬ ಬಳಕೆ ಇದೆ, ಆ ಹೊದಿಕೆ ಸರಿಯಿದೆಯೇ ಎಂದು ನೋಡುವ ಮೆಗ್ಗರ್ ಪರೀಕ್ಷೆಯ ಪಾಠ ಬಂದಾಗ ಎರಡೂ ಒಂದೇ ವಾಕ್ಯದಲ್ಲಿ ಎದುರಾಗುತ್ತವೆ: ‘500 ವೋಲ್ಟ್ ಡಿಸಿ ಕೊಟ್ಟು ಅಳೆದಾಗ ನಿರೋಧಕದ ರೋಧ 1 ಮೆಗಾಓಮ್‌ಗಿಂತ ಕಡಿಮೆ ಇರಬಾರದು.’ ಇಲ್ಲಿ ‘ನಿರೋಧಕದ ನಿರೋಧ’ ಅಂದರೆ ಕೆಲಸಗಾರನಿಗೆ ಏನೂ ದಕ್ಕುವುದಿಲ್ಲ. ‘ಪ್ರತಿರೋಧ’ ತಪ್ಪಲ್ಲ, ಆದರೆ ಪ್ರತಿಭಟನೆ, ಎದುರಾಳಿತನದ ಅರ್ಥ ಅದಕ್ಕೆ ಮೊದಲೇ ಅಂಟಿದೆ.

ಪದದ ಜೊತೆಗೆ ಅದರ ಎಲ್ಲೆಯನ್ನೂ ಹೇಳಿ. ಕಾಯಿಲ್‌ನ ನಿಕ್ರೋಮ್ ತಂತಿ ಕಾದರೂ ರೋಧ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಪ್ಲಗ್ ಕಿತ್ತು ಮಲ್ಟಿಮೀಟರ್‌ನಲ್ಲಿ ನೋಡಿದರೂ 35 ಓಮ್ ಆಸುಪಾಸೇ ಸಿಗುತ್ತದೆ. 100 ವಾಟ್‌ನ ಹಳೆಯ ಫಿಲಮೆಂಟ್ ಬಲ್ಬ್ ಹಾಗಲ್ಲ. ಉರಿಯುವಾಗ 529 ಓಮ್. ತಣ್ಣಗಿದ್ದಾಗ ಅದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ‘ಬಲ್ಬಿನ ರೋಧ’ ಎಂದಷ್ಟೇ ಬರೆದರೆ ವಿದ್ಯಾರ್ಥಿ ಮೀಟರ್ ಹಿಡಿದು, ಉತ್ತರ ತಾಳೆಯಾಗದೆ ಪುಸ್ತಕವನ್ನೇ ಅನುಮಾನಿಸುತ್ತಾನೆ. ‘ಉರಿಯುತ್ತಿರುವಾಗಿನ ರೋಧ’ ಎಂದೇ ಬರೆಯಿರಿ. ಮೋಟಾರಿನಲ್ಲಿ ಇನ್ನೂ ಎಚ್ಚರ ಬೇಕು. ಒಳಗೆ ಸುತ್ತಿದ ತಂತಿ (ವೈಂಡಿಂಗ್) 4 ಓಮ್ ತೋರಿಸಿತೆಂದು 230 ÷ 4 ಮಾಡಿದರೆ 57.5 ಆಂಪಿಯರ್ ಬರುತ್ತದೆ. ತಿರುಗುತ್ತಿರುವ ಮೋಟಾರು ಅಷ್ಟು ಎಳೆಯುವುದಿಲ್ಲ, ಏಕೆಂದರೆ ಅಲ್ಲಿ ಪ್ರವಾಹವನ್ನು ತಡೆಯುವುದು ತಂತಿಯ ರೋಧ ಒಂದೇ ಅಲ್ಲ. ಎಸಿಯ ಒಟ್ಟು ತಡೆಗೆ ಇಂಪೀಡೆನ್ಸ್ ಎಂದೇ ಇರಲಿ. ಅದಕ್ಕೂ ರೋಧ ಎಂದರೆ ಈ ತಪ್ಪು ಲೆಕ್ಕಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಇನ್ನು ಪವರ್. ‘ಶಕ್ತಿ’ ಬೇಡ ಅನ್ನಲು ಒಂದು ಸಾಲು ಸಾಕು. 1.5 ಕಿಲೋವಾಟ್ ಕಾಯಿಲ್ 2 ಗಂಟೆ ಉರಿದರೆ 3 ಯೂನಿಟ್. ಆ ಯೂನಿಟ್ (ಕಿಲೋವಾಟ್-ಗಂಟೆ) ಶಕ್ತಿಯ, ಅಂದರೆ ಎನರ್ಜಿಯ, ಅಳತೆ. ಪವರ್ ಕೂಡ ಶಕ್ತಿಯೇ ಆದರೆ ‘ಶಕ್ತಿ × ಸಮಯ = ಶಕ್ತಿ’ ಎಂದು ಬೋರ್ಡಿನ ಮೇಲೆ ಬರೆಯಬೇಕಾಗುತ್ತದೆ. ಅಶ್ವಶಕ್ತಿ ಮಾತ್ರ ಬೇರೂರಿದ ಪದ, ಅದನ್ನು ಕೀಳುವುದು ಬೇಡ. ಆದರೆ 5 ಅಶ್ವಶಕ್ತಿ ಎಂಬುದು ಶಾಫ್ಟ್‌ನಲ್ಲಿ ಸಿಗುವ 3730 ವಾಟ್ ಎಂದು ಪಕ್ಕದಲ್ಲೇ ತಿಳಿಸಿ. ದಕ್ಷತೆ ಶೇ. 80 ಇದ್ದರೆ ಮೋಟಾರು ಲೈನಿನಿಂದ ಪಡೆಯುವುದು ಸುಮಾರು 4660 ವಾಟ್.

ಸಾಮರ್ಥ್ಯದ ಗೊಂದಲಕ್ಕೆ ನನ್ನ ಸಲಹೆ: ಪರೀಕ್ಷೆ ಬರೆಯುವವರಿಗಾಗಿ ಪದ ಇರಲಿ, ‘ಒಂದು ಸೆಕೆಂಡಿಗೆ ಬಳಕೆಯಾಗುವ ಶಕ್ತಿ’ ಎಂದು ಒಮ್ಮೆ ವಿವರಿಸಿ. ಉಪಕರಣದ ಮೇಲೆ ಅಚ್ಚಾಗಿರುವುದನ್ನು ‘ನಮೂದಿತ ಸಾಮರ್ಥ್ಯ’ ಎಂದು ಬೇರೆ ಮಾಡಿ. ಉಳಿದ ಕಡೆ ನಾಮಪದವನ್ನೇ ಬಿಟ್ಟು ‘ಎಷ್ಟು ವಾಟ್ ಬಳಸುತ್ತದೆ?’ ಎಂದು ಕೇಳಿ. ಕೆಲಸದ ಜಾಗದಲ್ಲಿ ಆಗುವುದೂ ಇದೇ. ಕರೆಂಟು ಎಂಬ ಪದ ಸರಬರಾಜಿಗೂ ಬಿಲ್ಲಿಗೂ ಶಾಕ್‌ಗೂ ಸವೆದುಹೋಗಿರುವುದರಿಂದ ಎಲೆಕ್ಟ್ರಿಷಿಯನ್‌ಗಳು ‘ಆಂಪ್ಸ್ ಎಷ್ಟು, ವಾಟ್ಸ್ ಎಷ್ಟು’ ಎಂದು ಮಾನದ ಹೆಸರಿನಲ್ಲೇ ಮಾತಾಡುತ್ತಾರೆ. ಆಂಪ್ಸ್‌ಗೆ ‘ಎಳೆಯುತ್ತೆ’, ಯೂನಿಟ್‌ಗೆ ‘ತಿನ್ನುತ್ತೆ’ ಎಂಬ ಒಳ್ಳೆಯ ಕ್ರಿಯಾಪದಗಳೂ ಬಳಕೆಯಲ್ಲಿವೆ. ಮೊದಲನೆಯದನ್ನಾದರೂ ಕೈಪಿಡಿಗೆ ತೆಗೆದುಕೊಳ್ಳಿ.

ನಿಮ್ಮ 190 ವೋಲ್ಟ್ ಲೆಕ್ಕದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ, ವಿದ್ಯಾರ್ಥಿಗಳು ಎಡವುವುದೂ ಅಲ್ಲೇ. ಹಳೆಯ 6.5 ಆಂಪಿಯರ್ ಹಿಡಿದು 190 × 6.5 = 1235 ವಾಟ್ ಎನ್ನುತ್ತಾರೆ. ಬದಲಾಗದೆ ಉಳಿಯುವುದು ರೋಧ, ಪ್ರವಾಹವಲ್ಲ. ಮೊದಲು 190 ÷ 35.4 = 5.37 ಆಂಪಿಯರ್, ಆಮೇಲೆ 190 × 5.37 = 1020 ವಾಟ್. ವೋಲ್ಟೇಜ್ ಶೇ. 17ರಷ್ಟು ಕುಸಿದರೆ ವಾಟ್ ಶೇ. 32ರಷ್ಟು ಇಳಿಯುವುದು ಇದರಿಂದ. ಆ ಪ್ರಶ್ನೆಯನ್ನು ‘190 ವೋಲ್ಟ್‌ನಲ್ಲಿ ಈ ಕಾಯಿಲ್ ಎಷ್ಟು ಆಂಪಿಯರ್ ಎಳೆಯುತ್ತದೆ, ಎಷ್ಟು ವಾಟ್ ಬಳಸುತ್ತದೆ?’ ಎಂದು ಇದೇ ಕ್ರಮದಲ್ಲಿ ಕೇಳಿದರೆ ನಡುವಿನ ಹೆಜ್ಜೆ ತಪ್ಪುವುದಿಲ್ಲ.